ನಾನು ತಿರುಗಿಸಿದ ಟ್ರೇ

ಬಾಬೂಸಾಬ್ ಅವತ್ತು ಸೋತಿರಲಿಲ್ಲ.

ಈ ಒಂದು ಮಾತು ಹೇಳಲು ನನಗೆ ಮೂರು ವರ್ಷ ಹಿಡಿಯಿತು. ಮುಲುಂಡಿನ ನಮ್ಮ ಹೋಟೆಲಿನ ಮಾಳಿಗೆಯಲ್ಲಿ, ಹದಿನಾಲ್ಕು ಜನರ ಎದುರಿಗೆ ಅವರು ಸೋತರೆಂದು ಎಲ್ಲರೂ ತಿಳಿದರು – ಅವರೂ ತಿಳಿದರು. ಆದರೆ ಅವರು ಗೆದ್ದಿದ್ದರು. ಗೆದ್ದವರನ್ನು ಸೋತವರ ಹಾಗೆ ಕಾಣಿಸಿದ್ದು ನಾನು. ಅದಕ್ಕೆ ದೊಡ್ಡ ಸಾಹಸವೇನೂ ಬೇಕಾಗಲಿಲ್ಲ. ಬಟ್ಟೆ ಮುಚ್ಚಿದ್ದ ಒಂದು ಸ್ಟೀಲ್ ಟ್ರೇಯನ್ನು ಅರ್ಧ ಸುತ್ತು ತಿರುಗಿಸಿದೆ, ಅಷ್ಟೇ. ವರ್ಷಗಟ್ಟಲೆ ಟ್ರೇ ಹಿಡಿದ ಕೈ ಇದು, ತಿರುಗಿದ್ದು ಯಾರಿಗೂ ಕಾಣಲಿಲ್ಲ.

ನಮ್ಮ ಭಾನುವಾರಗಳ ವಿಷಯ ಮೊದಲು ಹೇಳಬೇಕು. ಅದನ್ನು ಹೇಳದೆ ತಪ್ಪನ್ನಷ್ಟೇ ಹೇಳಿದರೆ ನಾನು ಕೆಡಿಸಿದ್ದು ಏನನ್ನು ಎಂದು ನಿಮಗೆ ತಿಳಿಯುವುದಿಲ್ಲ.

ನಾನು ಉಡುಪಿ ಕಡೆಯ ಶೆಟ್ಟಿ. ಸಪ್ಲೈಯರ್ ಆಗಿ ಶುರು ಮಾಡಿ, ಕ್ಯಾಪ್ಟನ್ ಆಗಿ, ಕೊನೆಗೆ ಮಾವನವರ ಕೃಪೆಯಿಂದ – ಇದನ್ನು ನನ್ನ ಹೆಂಡತಿ ಸುಮತಿ ಆಗಾಗ ನೆನಪಿಸುತ್ತಾಳೆ – ಗಲ್ಲಾದ ಕುರ್ಚಿಗೆ ಬಂದವನು. ಭಾನುವಾರ ಮಧ್ಯಾಹ್ನದ ಊಟದ ಗದ್ದಲ ಮುಗಿದು ಸಂಜೆಯ ದೋಸೆಯ ಗದ್ದಲ ಶುರುವಾಗುವ ತನಕ ಮೇಲಿನ ಎಸಿ ರೂಮು ಖಾಲಿ. ಆ ಎರಡೂವರೆ ಗಂಟೆ ಅಲ್ಲಿ ಸೇರುವ ಮಂದಿಗೆಲ್ಲ ಒಂದೇ ಹುಚ್ಚು: ಕೈಯಲ್ಲಿ ಹಿಡಿದು ಆಡುವ ಹಳೆಯ ವಿಡಿಯೋ ಗೇಮು. ಬೂದು ಬಣ್ಣದ ಡಬ್ಬಿ, ಹಸಿರು ಮಿಶ್ರಿತ ಹಳದಿ ಪರದೆ, ಎಡಕ್ಕೆ ಕೂಡಿಸುವ ಚಿಹ್ನೆಯಂಥ ಬಟನ್, ಬಲಕ್ಕೆ ಎರಡು ದುಂಡು ಬಟನ್. ಹಿಂದೆ ಕ್ಯಾಸೆಟ್ ತುರುಕಲು ಒಂದು ಕಂಡಿ. ನಮ್ಮ ಪ್ರಾಯದವರ ಮನೆಗಳಿಗೆ ಅದು ಮಸ್ಕತ್ತಿನಿಂದಲೋ ಬಹ್ರೇನಿನಿಂದಲೋ ಯಾರದೋ ಮಾವನ ಸೂಟ್‌ಕೇಸಿನಲ್ಲಿ, ಟ್ಯಾಂಗ್ ಶರಬತ್ತಿನ ಪುಡಿಯ ಜೊತೆ ಬಂದಿತ್ತು. ಬಂದ ದಿನ ಇಡೀ ಬಿಲ್ಡಿಂಗಿನ ಮಕ್ಕಳು ಸಾಲು ನಿಂತಿದ್ದವು.

ಈಗ ಆ ಮಕ್ಕಳಿಗೆಲ್ಲ ಬೊಜ್ಜು ಬಂದಿದೆ, ಬಿಪಿ ಬಂದಿದೆ. ಆದರೆ ನಮ್ಮ ಮಾಳಿಗೆಯಲ್ಲಿ ಅವರನ್ನು ನೀವು ನೋಡಬೇಕಿತ್ತು! ನಮಗೆಲ್ಲ ಚಿಕ್ಕಮ್ಮನಂತಿದ್ದ, ಬ್ಯಾಂಕಿನಿಂದ ನಿವೃತ್ತರಾದ ದೇಶಪಾಂಡೆ ಕಾಕು ಚಷ್ಮಾವನ್ನು ಹಣೆಗೇರಿಸಿಕೊಂಡು, ಮೇಲಿನಿಂದ ಉದುರುವ ಇಟ್ಟಿಗೆಗಳನ್ನು ಜೋಡಿಸುತ್ತ ಕೂತರೆ ಎದುರಿಗಿಟ್ಟ ಕಾಫಿ ಕೆನೆಗಟ್ಟುತ್ತಿತ್ತು. ಸೋತಾಗ ಅವರು ಮರಾಠಿಯಲ್ಲಿ ಬಯ್ಯುವ ಬಯ್ಗುಳವನ್ನು ಬ್ಯಾಂಕಿನವರು ಕೇಳಿದ್ದರೆ ಪೆನ್ಷನ್ ನಿಲ್ಲಿಸುತ್ತಿದ್ದರೋ ಏನೋ. ನಾನು ಬದುಕಿನಲ್ಲಿ ಅಷ್ಟು ನಕ್ಕದ್ದು ಬೇರೆಲ್ಲೂ ಇಲ್ಲ.

ಈ ಸಂತೋಷಕ್ಕೆಲ್ಲ ಮೂಲ ಬಾಬೂಸಾಬ್. ವಿಜಯಪುರದ ಕಡೆಯವರು, ವಯಸ್ಸು ಅರವತ್ತು ದಾಟಿತ್ತು. ಕುರ್ಲಾ ಸ್ಟೇಷನ್ನಿನ ಹತ್ತಿರ, ಇಬ್ಬರು ನಿಂತರೆ ಮೂರನೆಯವನು ರಸ್ತೆಯಲ್ಲಿ ನಿಲ್ಲಬೇಕಾದ ಅಂಗಡಿ. ರೇಡಿಯೋದಿಂದ ಶುರು ಮಾಡಿ, ಟೇಪ್‌ರೆಕಾರ್ಡರ್ ಹಾದು, ಕೊನೆಗೆ ಈ ಡಬ್ಬಿಗಳ ಪ್ರೀತಿಗೆ ಬಿದ್ದವರು. ಮೂವತ್ತು ವರ್ಷ ಸೆಲ್ ಒಳಗೇ ಉಳಿದು, ಒಸರಿ, ಹಸಿರು ಹುಣ್ಣಿನ ಹಾಗೆ ತಾಮ್ರವನ್ನೆಲ್ಲ ತಿಂದ ಡಬ್ಬಿಯನ್ನು ನಾವು ಕೊಟ್ಟರೆ, ಅವರು ಬಿಳಿ ವಿನೆಗರ್‌ನಲ್ಲಿ ಹತ್ತಿ ಅದ್ದಿ ಒರೆಸಿ, ಹಲ್ಲುಜ್ಜುವ ಬ್ರಷ್‌ನಲ್ಲಿ ತಿಕ್ಕಿ, ಕೂದಲಿನಂಥ ತಂತಿ ಎಳೆದು ಬೆಸೆಯುತ್ತಿದ್ದರು. ಪರದೆಯ ಮೇಲೆ ಗೀರುಗಳು ಎದ್ದಿದ್ದರೆ ಅದರ ಬುಡದ ಪಟ್ಟಿಯ ಮೇಲೆ ಬೆಸುಗೆ ಹಾಕುವ ಬಿಸಿ ಕಡ್ಡಿಯನ್ನು, ಅವರ ಮಾತಿನಲ್ಲಿ ಕಾವಿಯನ್ನು, ಮೆಲ್ಲಗೆ ಸವರುತ್ತಿದ್ದರು – ಮಗುವಿನ ಹೊಟ್ಟೆಗೆ ಎಣ್ಣೆ ಸವರಿದ ಹಾಗೆ. ಗೀರುಗಳು ಒಂದೊಂದಾಗಿ ಮಾಯವಾಗುತ್ತಿದ್ದವು. ಹಳಿ ರಿಪೇರಿಗೆಂದು ಅರ್ಧ ರೈಲು ನಿಲ್ಲಿಸುವ ಭಾನುವಾರದ ಮೆಗಾಬ್ಲಾಕ್ ಇದ್ದರೂ ಸರಿ, ಕುರ್ಲಾದಿಂದ ತುಂಬಿ ತುಳುಕುವ ಲೋಕಲ್‌ನಲ್ಲಿ ಆ ಡಬ್ಬಿಯನ್ನು ಎದೆಗವಚಿಕೊಂಡು ಬಂದು ಮೇಜಿನ ಮೇಲಿಟ್ಟು ಸ್ವಿಚ್ ಒತ್ತುತ್ತಿದ್ದರು. ಟಿಂಗ್ ಎಂದು ಅದು ಎದ್ದ ಕೂಡಲೇ ಇಡೀ ರೂಮು ಚಪ್ಪಾಳೆ ತಟ್ಟುತ್ತಿತ್ತು.

ನಾನೂ ಅವರಿಂದ ಕಲಿಯಲು ಹೋದೆ. ಮೊದಲ ದಿನವೇ ಒಂದು ಬೋರ್ಡು ಸುಟ್ಟೆ. ಎರಡನೆಯ ದಿನ ಇನ್ನೊಂದು.

"ಶೆಟ್ರ," ಎಂದರು ಬಾಬೂಸಾಬ್ ಎಲ್ಲರ ಮುಂದೆ, "ನಿಮ್ಮ ಕೈ ಸಾಂಬಾರಿಗೆ ಐತಿ. ಸೋಲ್ಡರಿಗೆ ಇಲ್ಲ ಬಿಡ್ರಿ."

ಎಲ್ಲರೂ ನಕ್ಕರು. ನಾನೂ ನಕ್ಕೆ. ಎಲ್ಲರಿಗಿಂತ ಜೋರಾಗಿ ನಕ್ಕೆ. ಆ ನಗು ಗಂಟಲಿಂದ ಕೆಳಗೆ ಇಳಿಯಲೇ ಇಲ್ಲ ಎಂದು ಈಗ ಒಪ್ಪಿಕೊಳ್ಳುತ್ತೇನೆ.

ಆಮೇಲೆ ನಾನು ಹೊಸದನ್ನು ತರಿಸಿದೆ. ಈಗಿನ ಕಾಲದಲ್ಲಿ ಹೊಸದಾಗಿ ತಯಾರಾಗುವ, ಹಳೆಯದರದೇ ರೂಪದ ಡಬ್ಬಿಗಳು. ನಮ್ಮ ಹಳೆಯ ಕ್ಯಾಸೆಟ್ಟೇ ಅದಕ್ಕೂ ಹಿಡಿಯುತ್ತದೆ. ಆದರೆ ಪರದೆ ನಿಯಾನ್ ಬೋರ್ಡಿನಷ್ಟು ಬೆಳಕು, ಚಾರ್ಜು ಮಾಡಲು ಮೊಬೈಲಿನ ವೈರು ಸಾಕು, ಆಟವನ್ನು ಎಲ್ಲಿ ಬೇಕಾದರೂ ನಿಲ್ಲಿಸಿ ನಾಳೆ ಅಲ್ಲಿಂದಲೇ ಮುಂದುವರಿಸಬಹುದು. ನಿಜ ಹೇಳುತ್ತೇನೆ, ಅದು ಒಳ್ಳೆಯ ವಸ್ತು. ಇವತ್ತಿಗೂ ಒಳ್ಳೆಯದೆಂದೇ ಹೇಳುತ್ತೇನೆ. ಬೇಕೆಂದವರಿಗೆ ತರಿಸಿಕೊಡಲು ಶುರು ಮಾಡಿದೆ. ಮಾಳಿಗೆಯಲ್ಲಿ ಎರಡು ಪಂಗಡವಾಯಿತು – ಹಳೆಯದನ್ನೇ ಬದುಕಿಸಬೇಕು ಎನ್ನುವವರದು ಒಂದು, ಹೊಸದರಲ್ಲಿ ಆಡಿದರೇನು ಆಟ ಅದೇ ತಾನೇ ಎನ್ನುವವರದು ಇನ್ನೊಂದು. ಜಗಳವೇ ಒಂದು ಹಬ್ಬವಾಯಿತು. ಕಾಕು ಒಂದು ವಾರ ಆ ಕಡೆ, ಒಂದು ವಾರ ಈ ಕಡೆ. ಯಾವ ಕಡೆಯವರು ಬಜ್ಜಿ ತರಿಸುತ್ತಾರೋ ಆ ಕಡೆ.

"ನಿಮ್ಮ ಹೊಸದು ಭಾಳ ಚೊಲೊ ಐತ್ರಿ ಶೆಟ್ರ," ಎನ್ನುತ್ತಿದ್ದರು ಬಾಬೂಸಾಬ್. "ಫ್ರಿಜ್‌ನಾಗಿನ ಇಡ್ಲಿ ಇದ್ದಂಗ. ಇಡ್ಲೀನ ಅದು. ನಾ ಇಲ್ಲ ಅನ್ನೂದಿಲ್ಲ."

ಹೋಟೆಲಿನವನಿಗೆ ಇದಕ್ಕಿಂತ ದೊಡ್ಡ ಬಯ್ಗುಳ ಉಂಟೇ?

ಒಂದು ಭಾನುವಾರ ಅವರು ಇನ್ನೊಂದು ಹೆಜ್ಜೆ ಮುಂದೆ ಹೋದರು. ಕಣ್ಣು ಬೇಡ, ಕೈಯಲ್ಲೇ ಗೊತ್ತು ಮಾಡುತ್ತೇನೆ, ಅಸಲಿ ಯಾವುದು, ಹೊಸದು ಯಾವುದು ಎಂದರು. ನಾನು ಆಗಲಿ ಎಂದೆ. ಷರತ್ತು ಹಾಕೋಣ ಎಂದು ಯಾರೋ ಕಿರುಚಿದರು. ನಾನು ಸೋತರೆ ಇನ್ನು ಹೊಸದನ್ನು ತರಿಸುವುದಿಲ್ಲ ಎಂದೆ. ಬಾಬೂಸಾಬ್ ನಗುತ್ತ ಕೈ ಎತ್ತಿದರು.

"ನನ್ನ ಕೈ ತಪ್ಪಿದ್ರ ಇವತ್ತಿಗೇ ರಿಪೇರಿ ಬಂದ್!"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ನಾನು ಆಡಿದ ಮಾತು ತಮಾಷೆ, ಮರುದಿನ ಮರೆಯುವಂಥದ್ದು. ಅವರ ಮಾತೂ ಹಾಗೇ ಎಂದು ತಿಳಿದೆ. ಮನುಷ್ಯನನ್ನು ಅಷ್ಟು ವರ್ಷ ನೋಡಿಯೂ ನನಗೆ –

ಇರಲಿ. ಮುಂದಿನ ಭಾನುವಾರ ಪರೀಕ್ಷೆ. ಒಂದು ಅವರೇ ರಿಪೇರಿ ಮಾಡಿದ ಹಳೆಯ ಡಬ್ಬಿ, ಇನ್ನೊಂದು ನನ್ನ ಹೊಸದು. ಪ್ಲಾಸ್ಟಿಕ್ಕಿನ ನುಣುಪು ಗೊತ್ತಾಗಬಾರದೆಂದು ಎರಡಕ್ಕೂ ಒಂದೇ ಬಗೆಯ ರಬ್ಬರ್ ಕವರು ಹಾಕಿದೆವು. ಬಟನ್ನುಗಳು ಮಾತ್ರ ಹೊರಗೆ. ತೂಕ ಗೊತ್ತಾಗಬಾರದೆಂದು ಎತ್ತುವ ಹಾಗಿಲ್ಲ. ಎರಡಕ್ಕೂ ಒಂದೇ ಆಟದ ಕ್ಯಾಸೆಟ್. ನಮ್ಮ ಹೋಟೆಲಿನ ದೊಡ್ಡ ಟ್ರೇಯಲ್ಲಿ ಅಕ್ಕಪಕ್ಕ ಇಟ್ಟು, ಮೇಲೆ ಮೇಜಿನ ಬಟ್ಟೆ ಹೊದಿಸಿ ಬಾಬೂಸಾಬರ ಮುಂದಿಟ್ಟೆ. ಯಾವುದು ಯಾವ ಬದಿಗೆ ಎಂದು ಗೊತ್ತಿದ್ದವನು ನಾನೊಬ್ಬನೇ. ಉಳಿದವರೆಲ್ಲ ಮೇಜಿನ ಈಚೆ, ಅವರಿಗೆ ಎದುರಾಗಿ ನಿಂತರು.

ಬಾಬೂಸಾಬ್ ಅಂಗಿಯ ತೋಳು ಮಡಚಿ, ಮದುವೆ ಊಟಕ್ಕೆ ಕೂತವರ ಹಾಗೆ ಗಂಭೀರವಾಗಿ ಎರಡೂ ಕೈಗಳನ್ನು ಬಟ್ಟೆಯ ಅಡಿಗೆ ತೂರಿಸಿದರು. ಬಲಗಡೆಯದನ್ನು ಒತ್ತಿದರು, ಆಡಿದರು, ಸದ್ದು ಕೇಳಿದರು. ಎಡಗಡೆಯದಕ್ಕೆ ಬಂದರು. ಹತ್ತು ಸೆಕೆಂಡೂ ಆಗಿರಲಿಲ್ಲ, ಮುಖ ಅರಳಿತು. ಊರಿನಿಂದ ಬಂದ ನೆಂಟರನ್ನು ಪ್ಲಾಟ್‌ಫಾರಮ್ಮಿನಲ್ಲಿ ದೂರದಿಂದಲೇ ಗುರುತಿಸಿದಾಗ ಅರಳುತ್ತದಲ್ಲ, ಹಾಗೆ.

"ಎಡಗೈ ಕಡೀದು. ಇದರ ಬಟನ್ನಿನ ತಳದ ರಬ್ಬರು ನಾ ಹಚ್ಚಿದ್ದು. ನನ್ನ ಕೈಯಂದು ನನಗ ತಿಳೀದಿಲ್ಲೇನು?"

ಸರಿಯಾಗಿತ್ತು. ಎಡಗಡೆಯದೇ.

ಈಗ ಟ್ರೇ. ಎದುರಿಗೆ ನಿಂತವರಿಗೆ ಪರದೆ ಕಾಣಬೇಕು, ಪರದೆ ನೋಡಿದರೆ ತಾನೇ ಹಳೆಯದು ಹೊಸದು ತಿಳಿಯುವುದು? ಅದಕ್ಕೆ ಬಟ್ಟೆಯ ಸಮೇತ ಟ್ರೇಯನ್ನು ಎತ್ತಿ ಎಲ್ಲರ ಮುಂದೆ ಇಡುತ್ತೇನೆ ಎಂದೆ. ನಮ್ಮ ಕೆಲಸದಲ್ಲಿ ಒಂದು ಅಭ್ಯಾಸ ಉಂಟು. ಗಿರಾಕಿಯ ಮುಂದೆ ಟ್ರೇ ಇಳಿಸುವಾಗ ಅದರ ಮುಖ ಗಿರಾಕಿಯ ಕಡೆಗಿರಬೇಕು. ಅಂಗೈಯಲ್ಲಿ ಎತ್ತಿದ ಟ್ರೇಯನ್ನು ಇಳಿಸುವ ಮೊದಲು ಬೆರಳುಗಳಲ್ಲೇ ತಿರುಗಿಸಿಬಿಡುತ್ತೇವೆ. ಕಾಫಿ ತುಳುಕುವುದಿಲ್ಲ, ನೋಡುವವನಿಗೆ ಅದು ತಿರುಗಿದ್ದೂ ತಿಳಿಯುವುದಿಲ್ಲ. ನಾನು ಟ್ರೇ ಎತ್ತಿದೆ, ಭುಜದ ಮಟ್ಟಕ್ಕೆ ತಂದೆ, ಅರ್ಧ ಸುತ್ತು ತಿರುಗಿಸಿ ಅದೇ ಜಾಗದಲ್ಲಿ ಇಳಿಸಿದೆ. ಬಟ್ಟೆ ತೆಗೆದೆ. ಎದುರಿಗಿದ್ದವರಿಗೆ ಪರದೆಗಳು ನೆಟ್ಟಗೆ ಕಂಡವು. ಆದರೆ ಎಡದ್ದು ಬಲಕ್ಕೆ ಹೋಗಿತ್ತು, ಬಲದ್ದು ಎಡಕ್ಕೆ ಬಂದಿತ್ತು. ಬಾಬೂಸಾಬರ ಎಡಗೈ ಬದಿಯಲ್ಲಿ ನನ್ನ ಹೊಸ ಡಬ್ಬಿ ಹೊಳೆಯುತ್ತ ಕೂತಿತ್ತು.

ನಮ್ಮ ಪಂಗಡದವರು ಎಬ್ಬಿಸಿದ ಕೇಕೆಗೆ ಕೆಳಗಿನ ಅಡುಗೆಯವರು ಓಡಿ ಬಂದರು. ಯಾರೋ ನನ್ನನ್ನು ಎತ್ತಿಕೊಳ್ಳಲು ನೋಡಿದರು – ತೂಕ ನೋಡಿ ಬಿಟ್ಟರು. ಒಂದು ನಿಮಿಷ ನಗಿಸಿ, ಆಮೇಲೆ "ಬಾಬೂಸಾಬ್, ನೋಡಿ, ತಿರುಗಿಸಿದ್ದೇನೆ" ಎಂದು ಹೇಳಿಬಿಡುವುದು ಎಂದು ಯೋಚಿಸಿದ್ದೆ. ದೇವರಾಣೆ, ಹಾಗೇ ಯೋಚಿಸಿದ್ದೆ. ಆದರೆ ಆ ಕೇಕೆ ನನಗೆ ರುಚಿಸಿತು. ಇನ್ನೊಂದು ನಿಮಿಷ ಎಂದುಕೊಂಡೆ. ಆಮೇಲೆ ಇನ್ನೊಂದು...

ಬಾಬೂಸಾಬ್ ಎದ್ದರು. ಮೇಜು ಸುತ್ತಿ ಬಂದು ನನ್ನನ್ನು ಅಪ್ಪಿಕೊಂಡರು. ಸೋತ ಮನುಷ್ಯ ಅಷ್ಟು ಚಂದಕ್ಕೆ ನಗುವುದನ್ನು ನಾನು ಕಂಡಿಲ್ಲ.

"ಗೆದ್ರಿ ಶೆಟ್ರ. ನನ್ನ ಕೈಗೇ ನನ್ನ ಕೆಲಸ ತಿಳೀಲಿಲ್ಲ ಅಂದ ಮ್ಯಾಲ, ಮಂದಿಗೆ ಅಸಲಿ ಮಾಡಿ ಕೊಡಾಕ ನಾ ಯಾಂವ? ಮಾತಂದ್ರ ಮಾತು."

ಅವರು ಮಾತು ಉಳಿಸಿಕೊಂಡರು. ಅಂದಿನಿಂದ ಒಂದೇ ಒಂದು ಡಬ್ಬಿಗೂ ಕಾವಿ ಮುಟ್ಟಿಸಲಿಲ್ಲ. ಮಿಕ್ಸರ್, ಫ್ಯಾನು, ಇಸ್ತ್ರಿಪೆಟ್ಟಿಗೆ – ಅಷ್ಟೇ. ಭಾನುವಾರ ಮಾತ್ರ ತಪ್ಪದೆ ಬರುತ್ತಿದ್ದರು. ಬಂದು ಆಡುತ್ತಿದ್ದರು, ಎಲ್ಲರನ್ನೂ ನಗಿಸುತ್ತಿದ್ದರು, ನನ್ನ ಹೊಸ ಡಬ್ಬಿಯಲ್ಲೇ! ಅದನ್ನು ಹೊಗಳುತ್ತಲೂ ಇದ್ದರು. ಯಾರಾದರೂ ಹಳೆಯದನ್ನು ತಂದು ರಿಪೇರಿ ಕೇಳಿದರೆ, ಕೈ ಹೋಯಿತಪ್ಪ, ಶೆಟ್ಟರ ಹತ್ತಿರ ಹೊಸದು ತಗೊಳ್ಳಿ ಎಂದು ನನ್ನ ಕಡೆಗೆ ಕಳಿಸುತ್ತಿದ್ದರು. ಅವರು ಕಳಿಸಿದವರಿಗೆ ನಾನು ಮಾರಿದೆ. ಹೌದು, ಮಾರಿದೆ.

ಸುಮತಿಗೆ ಅವತ್ತೇ ಗೊತ್ತಾಗಿತ್ತು. ಬಜ್ಜಿಯ ತಟ್ಟೆ ಹಿಡಿದು ಬಾಬೂಸಾಬರ ಬೆನ್ನ ಹಿಂದೆ ನಿಂತಿದ್ದವಳು ಅವಳು. ಅವಳು ತುಳುವಿನಲ್ಲಿ ಕೇಳಿದ್ದನ್ನು ಕನ್ನಡದಲ್ಲಿ ಬರೆಯುತ್ತೇನೆ: "ಬಾಬೂಸಾಬರ ಬದಿಗೆ ಆ ಗೇಮು ತಲೆಕೆಳಗೆ ಇತ್ತಲ್ಲ ಮಾರಾಯ್ರೇ. ಆಡುವಾಗ ನೆಟ್ಟಗೆ ಇದ್ದದ್ದು ಆಮೇಲೆ ತಲೆಕೆಳಗೆ ಆದದ್ದು ಹೇಗೆ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಅಂಗೈ ನೋಡಿಕೊಂಡೆ. ಅಭ್ಯಾಸದಿಂದ ತಿರುಗಿತು ಎಂದೆ. "ಹಾಗಾದರೆ ಹೋಗಿ ಹೇಳಿ," ಎಂದಳು. ನಾಳೆ ಹೇಳುತ್ತೇನೆ ಎಂದೆ. ಅವಳು ಮತ್ತೆ ಕೇಳಲಿಲ್ಲ. ಆದರೆ ಆಮೇಲೆ ಬಾಬೂಸಾಬ್ ಬಂದಾಗಲೆಲ್ಲ ಅವರ ತಟ್ಟೆಗೆ ಎರಡು ಬಜ್ಜಿ ಹೆಚ್ಚಿಗೆ ಬೀಳುತ್ತಿದ್ದವು, ನನ್ನ ತಟ್ಟೆಯಿಂದ.

ಅಭ್ಯಾಸ – ಈ ಮಾತನ್ನು ಮೂರು ವರ್ಷ ನನಗೆ ನಾನೇ ಹೇಳಿಕೊಂಡೆ. ಗಿರಾಕಿಯ ಕಡೆಗೆ ಮುಖ ಮಾಡುವುದು ನಮ್ಮ ಕೈಗೆ ಅಂಟಿದ ಗುಣ, ನಾನೇನು ಬೇಕೆಂದು ಮಾಡಿದೆನೇ? ಅರ್ಧ ದಿನ ಇದನ್ನು ನಾನೇ ನಂಬುತ್ತಿದ್ದೆ. ಆದರೆ ನಿಮ್ಮ ಹತ್ತಿರ ಸುಳ್ಳು ಹೇಳಿ ಏನು ಪ್ರಯೋಜನ? ಟ್ರೇ ಎತ್ತುವಾಗಲೇ ನನಗೆ ಗೊತ್ತಿತ್ತು. ಬೆರಳು ಆಡಿಸುವ ಮೊದಲು ಒಂದು ಸಲ ಉಸಿರು ಹಿಡಿದೆ. ಕಾಫಿ ಇಳಿಸುವಾಗ ಯಾರೂ ಉಸಿರು ಹಿಡಿಯುವುದಿಲ್ಲ.

ಈ ಸಲ ಬೇಸಿಗೆ ಶುರುವಾಗುವ ಹೊತ್ತಿಗೆ ಬಾಬೂಸಾಬ್ ವಾರದ ನಡುವೆ ಹೋಟೆಲಿಗೆ ಬಂದರು. ಒಂದು ಹಳೆಯ ಸೂಟ್‌ಕೇಸನ್ನು ಕುರ್ಲಾದಿಂದ ಲೋಕಲ್‌ನಲ್ಲಿ ಹೊತ್ತು ತಂದಿದ್ದರು. ಬೆವರು ಒರೆಸಿಕೊಂಡು ಅದನ್ನು ಗಲ್ಲಾದ ಪಕ್ಕಕ್ಕೆ ನೂಕಿದರು.

"ನನ್ನ ಸಾಮಾನೆಲ್ಲಾ ಇದರಾಗ ಐತ್ರಿ. ಅಂಗಡಿಯಾಗ ಜಾಗ ಸಾಲೂದಿಲ್ಲ. ಭಂಗಾರಿನಂವಗ, ಗುಜರಿಯಂವಗ, ಹಾಕಾಕ ಮನಸ್ಸು ಬರವಲ್ದು. ನಿಮ್ಮಂಥ ಖರೇ ಮನುಷ್ಯಾನ ಹಂತ್ಯಾಕ ಇದ್ರ ಹಾಳಾಗೂದಿಲ್ಲ."

ಖರೇ ಮನುಷ್ಯ! ನಾನು ಅದನ್ನು ತೆಗೆದುಕೊಂಡೆ. ಚಹಾ ಕುಡಿಸಿ ಕಳಿಸಿದೆ. ಒಂಬತ್ತು ದಿನ ಸೂಟ್‌ಕೇಸು ಗಲ್ಲಾದ ಕೆಳಗೇ ಇತ್ತು, ನನ್ನ ಮೊಣಕಾಲಿಗೆ ತಾಗುತ್ತ. ಹತ್ತನೆಯ ದಿನ ತೆರೆದೆ. ಕಡ್ಡಿಪೆಟ್ಟಿಗೆಗಳು, ಸಾಲು ಸಾಲು. ಒಂದೊಂದರ ಮೇಲೂ ದುಂಡು ಕನ್ನಡ ಅಕ್ಷರದಲ್ಲಿ ಬರೆದಿತ್ತು: ಎಡ ಬಟನ್ ರಬ್ಬರು. ಬಲ ಬಟನ್ ರಬ್ಬರು. ಸಣ್ಣ ತಿರುಪು. ತೀರಾ ಸಣ್ಣ ತಿರುಪು. ಏಳನೆಯ ತರಗತಿಯವರೆಗೆ ಓದಿದ ಮನುಷ್ಯ ಇಷ್ಟು ವರ್ಷ ಒಂದೊಂದು ರಬ್ಬರಿನ ಚೂರನ್ನೂ ಹೆಸರಿಟ್ಟು ಕಾಪಾಡಿದ್ದರು. ನನಗೆ ಅಳು ಬಂತು. ಗಲ್ಲಾದಲ್ಲಿ ಕೂತು ಅಳುವ ಯಜಮಾನನನ್ನು ನೋಡಿ ಗಿರಾಕಿಯೊಬ್ಬರು ಬಿಲ್ಲು ತಪ್ಪಾಗಿದ್ದರೆ ಪರವಾಗಿಲ್ಲ ಎಂದರು.

ಸೂಟ್‌ಕೇಸ್ ಹೊತ್ತು ಕುರ್ಲಾಕ್ಕೆ ಹೋದೆ. ಹನ್ನೊಂದು ಗಂಟೆಯ ಹೊತ್ತು. ಬಾಬೂಸಾಬ್ ಒಂದು ಮಿಕ್ಸರಿನ ಹೊಟ್ಟೆ ಬಗೆದುಕೊಂಡು ಕೂತಿದ್ದರು. ದಾರಿಯುದ್ದಕ್ಕೂ ಕಟ್ಟಿಕೊಂಡ ಭಾಷಣವೆಲ್ಲ ಮರೆತು ಹೋಯಿತು.

"ಬಾಬೂಸಾಬ್, ಅವತ್ತು ನೀವು ಹೇಳಿದ್ದೇ ಸರಿ. ಎಡಗಡೆಯದೇ ಹಳೆಯದು. ಬಟ್ಟೆ ತೆಗೆಯುವ ಮೊದಲು ನಾನು ಟ್ರೇ ತಿರುಗಿಸಿದೆ. ಬೇಕಂತಲೇ ತಿರುಗಿಸಿದೆ."

ಅವರು ಸ್ಕ್ರೂಡ್ರೈವರ್ ಕೆಳಗಿಟ್ಟರು. ನನ್ನ ಮುಖ ನೋಡಿದರು. ಆಮೇಲೆ ತಮ್ಮ ಎರಡೂ ಅಂಗೈಗಳನ್ನು ಎತ್ತಿ ನೋಡಿಕೊಂಡರು. ಬಯ್ಯುತ್ತಾರೆ, ಹೊಡೆಯುತ್ತಾರೆ ಎಂದು ನಾನು ಕಾದೆ. ಹೊಡೆದಿದ್ದರೆ ಎಷ್ಟೋ ಚೆನ್ನಾಗಿತ್ತು.

"ನಾ ಎಡಗಡೀದು ಅಂದಿದ್ದು... ಖರೇನ?"

"ಖರೇ."

"ಅಗೇ!" ಎಂದು ಅಂಗಡಿಯ ಹಿಂದೆಯೇ ಇದ್ದ ಮನೆಯ ಪರದೆಯ ಕಡೆ ತಿರುಗಿ ಹೆಂಡತಿಗೆ ಕೂಗಿದರು, ಮನೆಮಾತಿನಲ್ಲಿ: "ಸುನೀ ಕ್ಯಾ? ಮೇರಾ ಹಾತ್ ಬರಾಬರ್ ಥಾ!" ಕೇಳಿದೆಯಾ, ನನ್ನ ಕೈ ಸರಿಯಾಗೇ ಇತ್ತಂತೆ! ಆಕೆ ಏನು ಅನಾಹುತವಾಯಿತೋ ಎಂದು ಹಿಟ್ಟಿನ ಕೈಯಲ್ಲೇ ಹೊರಗೆ ಬಂದರು. ಬಾಬೂಸಾಬ್ ಆಕೆಯ ಮುಂದೆ ಎರಡೂ ಕೈ ಅಗಲಿಸಿ ಬೆರಳಾಡಿಸಿ ತೋರಿಸಿದರು. ಪಕ್ಕದ ಚಾವಿ ಅಂಗಡಿಯವನಿಗೆ ತೋರಿಸಿದರು. ಮಿಕ್ಸರ್ ಕೇಳಲು ಬಂದ ಹೆಂಗಸಿಗೂ ತೋರಿಸಿದರು, ಪಾಪ, ಆಕೆಗೆ ತಲೆಬುಡ ಗೊತ್ತಿಲ್ಲ. ಅರವತ್ತೆಂಟರ ಮನುಷ್ಯ ಆ ಮೊಳದಗಲದ ಅಂಗಡಿಯಲ್ಲಿ ನಿಂತಲ್ಲೇ ಕುಣಿದರು. ನನ್ನ ಮೇಲೆ ಸಿಟ್ಟು ಮಾಡಲು ಅವರಿಗೆ ಪುರುಸೊತ್ತೇ ಇರಲಿಲ್ಲ. ಆ ಸಂತೋಷವನ್ನು ನೋಡುತ್ತ ನಿಂತಾಗಲೇ ನನಗೆ ತಿಳಿದದ್ದು – ಮೂರು ವರ್ಷ ಈ ಮನುಷ್ಯ ನಗುನಗುತ್ತಲೇ ತನ್ನ ಕೈಗಳನ್ನು ಸತ್ತವೆಂದು ಬಗೆದಿದ್ದರು. ಪ್ರತಿ ಭಾನುವಾರ ನನ್ನ ಎದುರಿಗೇ ಕೂತು.

ಚಹಾ ಬಂತು. ಚಹಾ ಕುಡಿಯುವಾಗ ಅವರ ಮುಖ ಬದಲಾಯಿತು.

"ಶೆಟ್ರ, ನನಗ ಮಾಡಿದ್ದು ಇರ್ಲಿ. ನಾ ನಕ್ಕ ಬಿಡ್ತೀನಿ. ಆದ್ರ ಮೂರು ವರ್ಷದಾಗ ಬಂದ ಮಂದೀನೆಲ್ಲ ವಾಪಸ್ ಕಳಿಸೀನಲ್ರಿ. ಅವರದೇನು ತಪ್ಪಿತ್ತು?" ಲೋಟ ಕೆಳಗಿಟ್ಟು ಹೇಳಿದರು: "ಬೊರಿವಲಿಯಿಂದ ಒಂದ ಹುಡುಗಿ ಬಂದಿದ್ಲು, ಪ್ರೀತಿ ಅಂತ. ನಿಮ್ಮ ಕಡೆಯಾಕಿನ. ಎರಡು ಗಾಡಿ ಬದಲಿ ಮಾಡ್ಕೊಂಡು ಎರಡು ಸಲ ಬಂದ್ಲು. ಅವರವ್ವ ಆಡತಿದ್ದ ಡಬ್ಬಿ. ಅವ್ವ ಇಲ್ಲೀಗ. ನನ್ನ ಕೈಲಾಗೂದಿಲ್ಲವಾ ಅಂದೆ. ಮೊದಲ ಎಲ್ಲಾರ ಮುಂದ ಹೇಳ್ರಿ. ಆಮ್ಯಾಲ ಆಕೀ ಮನಿಗೆ ಹೋಗ್ರಿ. ಬಾಬೂಸಾಬ್ ಕೂತಾನ, ತಾ ಅಂತಾನ ಅಂತ ಹೇಳ್ರಿ."

ಭಾನುವಾರ ಎಲ್ಲರ ಮುಂದೆ ಹೇಳಿದೆ. ಟ್ರೇ ತಂದು, ಎರಡು ಲೋಟ ಇಟ್ಟು, ಹೇಗೆ ತಿರುಗಿಸಿದೆ ಎಂದು ಮಾಡಿ ತೋರಿಸಿದೆ. ಕಾಕು ಚಷ್ಮಾ ಹಣೆಯಿಂದ ಇಳಿಸಿ ನನ್ನನ್ನು ಒಂದು ನಿಮಿಷ ನೋಡಿದರು. ಇಟ್ಟಿಗೆ ತಪ್ಪಿ ಬಿದ್ದಾಗ ಬಯ್ಯುವುದನ್ನೆಲ್ಲ ಒಟ್ಟಿಗೆ ನನಗೆ ಬಯ್ದರು. ಆಮೇಲೆ ಎಲ್ಲರೂ ಸೇರಿ ಬಾಬೂಸಾಬರನ್ನು ಎತ್ತಿಕೊಂಡರು – ಅವರು ಹಗುರ, ಸಲೀಸಾಗಿ ಮೇಲೆ ಹೋದರು. ಅಷ್ಟು ದೊಡ್ಡ ಚಪ್ಪಾಳೆ ಆ ರೂಮಿನಲ್ಲಿ ಯಾವತ್ತೂ ಎದ್ದಿರಲಿಲ್ಲ. ನಾನೂ ತಟ್ಟಿದೆ, ಮನಸಾರೆ ತಟ್ಟಿದೆ. ಹೊಸದನ್ನು ತರಿಸುವುದಿಲ್ಲ ಎಂದು ನಾನು ಆಡಿದ್ದ ಮಾತನ್ನು ಯಾರೋ ಎತ್ತಿದರು. ಬಾಬೂಸಾಬರೇ ತಡೆದರು: ತರಿಸಲಿ, ಚೊಲೊ ವಸ್ತು ಅದು, ಆದರೆ ಹಳೆಯದು ಹಿಡಿದು ಬಂದವರನ್ನು ಮೊದಲು ನನ್ನ ಹತ್ತಿರ ಕಳಿಸಲಿ ಎಂದರು. ಅವರ ಮುಂದೆ ಈಗ ಏಳು ಡಬ್ಬಿಗಳಿವೆ. ದೀಪ ಹಿಡಿಯುವುದು ನನ್ನ ಕೆಲಸ. ಕಣ್ಣು ಮೊದಲಿನ ಹಾಗಿಲ್ಲ, ಮೂರು ವರ್ಷದ ಹಿಂದೆ ಆಗಿದ್ದರೆ ದೀಪ ಬೇಕಾಗುತ್ತಿರಲಿಲ್ಲ ಎಂದು ಅವರೇ ಹೇಳಿದರು, ದೂರಲು ಅಲ್ಲ, ಸುಮ್ಮನೆ.

ಬೊರಿವಲಿಗೆ ಸುಮತಿಯೂ ಜೊತೆಗೆ ಬಂದಳು. ಪ್ರೀತಿಯ ಮನೆ ನಾಲ್ಕನೆಯ ಮಹಡಿಯಲ್ಲಿ. ನನ್ನನ್ನು ನೋಡಿ ಆಕೆ ಖುಷಿಪಟ್ಟಳು. ಬಾಬೂಸಾಬ್ ವಾಪಸು ಕಳಿಸಿದ ಮೇಲೆ ನಾನೇ ಮಾರಿದ್ದ ಹೊಸ ಡಬ್ಬಿಯನ್ನು ಆಕೆಯ ಮಗಳು ಸೋಫಾದ ಮೇಲೆ ಕಾಲು ಮಡಚಿ ಕೂತು ಆಡುತ್ತಿದ್ದಳು. "ಅಂಕಲ್, ಇದು ಎಷ್ಟು ಮಸ್ತ್ ಇದೆ ಗೊತ್ತಾ? ಇವಳು ಬಿಡೋದೇ ಇಲ್ಲ," ಎಂದು ನನಗೆ ಥ್ಯಾಂಕ್ಸ್ ಹೇಳಿದಳು. ಶರಬತ್ತು ಕೊಟ್ಟಳು. ನಾನು ಶರಬತ್ತಿನ ಲೋಟವನ್ನು ಕೆಳಗಿಟ್ಟು ಎಲ್ಲವನ್ನೂ ಹೇಳಿದೆ. ಟ್ರೇ, ಬಟ್ಟೆ, ಬಾಬೂಸಾಬರ ಎಡಗೈ, ಅವರು ಆಕೆಯನ್ನು ಎರಡು ಸಲ ವಾಪಸು ಕಳಿಸಿದ್ದೇಕೆ ಎನ್ನುವುದು. ಅಮ್ಮನ ಡಬ್ಬಿ ಕೊಡಮ್ಮ, ಅವರು ಕಾಯುತ್ತಿದ್ದಾರೆ ಎಂದೆ.

ಆಕೆ ಸೋಫಾದ ಅಂಚಿಗೆ ಕೂತಳು.

"ಅಂಕಲ್, ಅದು ತೋ... ಕೊಟ್ಟುಬಿಟ್ಟೆ. ಲಾಸ್ಟ್ ದಿವಾಲಿ ಕ್ಲೀನಿಂಗ್‌ನಲ್ಲಿ, ಭಂಗಾರ್‌ವಾಲಾಗೆ. ರಿಪೇರಿ ಆಗಲ್ಲ ಅಂತ ಹೇಳಿದ್ರಲ್ಲ." ಮಗಳ ಕೈಯಲ್ಲಿದ್ದ ಹೊಸದನ್ನು ನೋಡಿದಳು. "ಅದರ ಪ್ಲಸ್ ಬಟನ್ ಇರ್ತದಲ್ಲ, ಅದು ಅಮ್ಮನ ಹೆಬ್ಬೆರಳಿಗೆ ಪೂರಾ ಸವೆದು ಹೋಗಿತ್ತು. ನಾನು ಆನ್ ಮಾಡದೇನೇ ಅದರ ಮೇಲೆ ಬೆರಳು ಇಡ್ತಿದ್ದೆ, ಬಸ್, ಹಾಗೇ."

ಸುಮತಿ ಎದ್ದು ಹೋಗಿ ಆಕೆಯ ಪಕ್ಕ ಕೂತಳು.

"ಅಂಕಲ್," ಪ್ರೀತಿ ಕೇಳಿದಳು, "ಅದು ಸರಿ ಆಗ್ತಿತ್ತಾ?"

ಗೊತ್ತಿಲ್ಲಮ್ಮ, ತೆರೆದು ನೋಡದೆ ಹೇಗೆ ಹೇಳುವುದು ಎಂದು ತಪ್ಪಿಸಿಕೊಳ್ಳಬಹುದಿತ್ತು. ನಾಲಿಗೆಯ ತುದಿಗೆ ಬಂದೂ ಇತ್ತು. ಆದರೆ ಎರಡು ಸಲವೂ ಆ ಡಬ್ಬಿಯನ್ನು ತೆರೆದು ನೋಡಿಯೇ ಮುಚ್ಚಿ ಕೊಟ್ಟಿದ್ದರು ಬಾಬೂಸಾಬ್. ಸೆಲ್ಲಿನ ತಗಡು ಬದಲಿಸಿದರೆ ಸಾಕಿತ್ತು, ಒಂದು ಮಧ್ಯಾಹ್ನದ ಕೆಲಸ ಎಂದು ಕುರ್ಲಾದಲ್ಲಿ ನನಗೆ ಹೇಳಿದ್ದರು.

"ಆಗ್ತಿತ್ತಮ್ಮ," ಎಂದೆ.